ಹೆಣ್ಣು ನೋಡಲು ಬಂದವನ ಪ್ರಶ್ನೆ

"ಈಗ ವೇದಿಕೆಗೆ ಬರ್ತಿರೋರು..." ಮೈಕ್ ಹಿಡಿದಿದ್ದ ನಂದಿತಾ ಅರೆಗಳಿಗೆ ತಡೆದಳು. "ಹೆಣ್ಣು ಒಪ್ಪಲಿಲ್ಲ ಅಂತ ಇನ್‌ಕಮ್ ಟ್ಯಾಕ್ಸ್‌ನೋರಿಗೆ ಅವಳ ಮೇಲೆ ಚಾಡಿ ಹೇಳಿದ ಮಹಾನುಭಾವರು! ಟ್ಯಾಕ್ಸ್ ಕನ್ಸಲ್ಟೆಂಟ್ ಲಕ್ಷ್ಮೀಕಾಂತ್!"

ಕುಣಿಗಲ್ಲಿನ ಆ ಹಾಲ್‌ನಲ್ಲಿ, ಸೈಡ್ ಕೆಲಸದ ಆದಾಯಕ್ಕೆ ಟ್ಯಾಕ್ಸ್ ಹೇಗೆ ಅಂತ ತಿಳಿಯಲು ಬಂದಿದ್ದ ಟೈಲರ್‌ಗಳು, ಟ್ಯೂಷನ್ ಮೇಡಂಗಳು ಮುಖ ಮುಖ ನೋಡಿಕೊಂಡರು.

ಲಕ್ಷ್ಮೀಕಾಂತನ ಮುಖ ಕಪ್ಪಿಟ್ಟಿತು. ನಂದಿತಾಳ ಹೊಟ್ಟೆ ತಣ್ಣಗಾಯಿತು.

'ಅನುಭವಿಸು!'

ಎಂಟು ತಿಂಗಳ ಹಿಂದೆ ಗುಬ್ಬಿಯ ಅವಳ ಮನೆಗೆ ಹೆಣ್ಣು ನೋಡಲು ಬಂದಿದ್ದವನು ಇವನೇ. ತುಮಕೂರಿನಲ್ಲಿ ಆಫೀಸ್ ಕೆಲಸ, ರಜೆ ದಿನ ಮದುವೆಗಳಲ್ಲಿ ನಿರೂಪಣೆ ಎಂದು ಅವಳು ಹೇಳಿದ್ದೇ ತಡ, "ನಿರೂಪಣೆ ದುಡ್ಡನ್ನ ರಿಟರ್ನ್ಸಲ್ಲಿ ತೋರಿಸ್ತೀರಾ?" ಎಂದಿದ್ದ. ಎಲ್ಲರ ಎದುರಿಗೆ! ಬಂದ ಗಳಿಗೆಯಲ್ಲೇ ನನ್ನ ದುಡ್ಡಿನ ಮೇಲೆ ಕಣ್ಣಾ? ಉಪ್ಪಿಟ್ಟು ತಟ್ಟೆಯಲ್ಲಿರುವಾಗಲೇ ಅವಳು ಒಲ್ಲೆ ಎಂದಿದ್ದಳು.

ಮೊನ್ನೆ ಇನ್‌ಕಮ್ ಟ್ಯಾಕ್ಸ್‌ನೋರಿಂದ ನೋಟಿಸ್ ಬಂತು. ಸಂಬಳದ ಹೊರಗಿನ ಆದಾಯ ಯಾಕೆ ತೋರಿಸಿಲ್ಲ ಅಂತ!

ಅದನ್ನು ಕೇಳಿದ್ದವನು ಇವನೊಬ್ಬನೇ ತಾನೆ? ಇಂದಿನ ಕಾರ್ಯಕ್ರಮದ ಭಾಷಣಕಾರ ಇವನೇ ಎಂದು ತಿಳಿದಾಗ ಅವಳು ಶಪಥ ಮಾಡಿದ್ದಳು... ಇವನ ಆಫೀಸಿಗೆ ಬೀಗ ಹಾಕಿಸದಿದ್ದರೆ ನಾನು ನಂದಿತಾಳೇ ಅಲ್ಲ!

ಅವನು ಇನ್ನೊಂದು ಮೈಕ್ ತೆಗೆದುಕೊಂಡ. "ಯಾರೂ ಚಾಡಿ ಹೇಳ್ಬೇಕಾಗಿಲ್ಲ. ನಿಮ್ಗೆ ದುಡ್ಡು ಕೊಡೋ ಕಂಪನಿ ಟಿಡಿಎಸ್ ಅಂತ ಒಂದಿಷ್ಟು ಹಿಡ್ಕೊಂಡು ಸರ್ಕಾರಕ್ಕೆ ಕಟ್ಟುತ್ತೆ. ಆಗ್ಲೇ ಆ ಆದಾಯ ನಿಮ್ಮ ಪ್ಯಾನ್ ನಂಬರ್ ಮೇಲೆ ದಾಖಲಾಗುತ್ತೆ. ಟ್ಯಾಕ್ಸ್ ಹಿಡಿದ್ರಲ್ಲ, ಮುಗೀತು ಅಂದ್ಕೋತೀರಿ. ಮುಗಿಯಲ್ಲ! ಸಂಬಳದ ಜೊತೆ ಸೇರಿಸಿ ರಿಟರ್ನ್ಸಲ್ಲಿ ತೋರಿಸ್ಬೇಕು."

ನಂದಿತಾಳಿಗೆ ಹಳೆಯ ಮಾತೊಂದು ನೆನಪಾಯಿತು.

"ಟ್ಯಾಕ್ಸ್ ಹಿಡಿದೇ ಕೊಟ್ಟಿದೀವಿ ಮೇಡಂ, ತಲೆ ಕೆಡಿಸ್ಕೋಬೇಡಿ..." ಅವಳನ್ನು ನಿರೂಪಣೆಗೆ ಕಳಿಸುವ ಕಂಪನಿಯ ಮ್ಯಾನೇಜರ್ ಹೇಳುತ್ತಿದ್ದುದು ಇದನ್ನೇ!

ವೇದಿಕೆಯ ಮೂಲೆಯಲ್ಲೇ ಮೊಬೈಲ್‌ನಲ್ಲಿ ಇನ್‌ಕಮ್ ಟ್ಯಾಕ್ಸ್ ಪೋರ್ಟಲ್ ತೆರೆದಳು. ಅವಳ ನಿರೂಪಣೆಯ ದುಡ್ಡೆಲ್ಲ ಅಲ್ಲಿತ್ತು, ಆ ಕಂಪನಿಯ ಹೆಸರಿನ ಕೆಳಗೆ.

'ಅಯ್ಯೋ... ಏನು ಮಾಡ್ಬಿಟ್ಟೆ?'

ಆಮೇಲೆ ಮರೆಯಲ್ಲಿ ಕ್ಷಮೆ ಕೇಳಬಹುದಿತ್ತು. ಆದರೆ ಅವನ ಮಾನ ತೆಗೆದದ್ದು ಮೈಕಿನಲ್ಲಿ.

"ನಾನು ಹೇಳಿದ್ದು ಸುಳ್ಳು." ನಂದಿತಾ ಮತ್ತೆ ಮೈಕ್ ಎತ್ತಿಕೊಂಡಿದ್ದಳು. "ಆ ಹೆಣ್ಣು ನಾನೇ. ಇವ್ರದ್ದೇನೂ ತಪ್ಪಿಲ್ಲ... ಎಲ್ಲರ ಎದುರಿಗೆ ಕ್ಷಮೆ ಕೇಳ್ತಿದೀನಿ."

ಕಾರ್ಯಕ್ರಮ ಮುಗಿದಾಗ ಅವನು ಗೇಟ್ ಹತ್ತಿರ ನಿಂತಿದ್ದ.

"ಅವತ್ತು ಯಾಕೆ ಹಾಗೆ ಕೇಳಿದ್ರಿ?"

"ನಿಮ್ಮನ್ನ ನೋಡಿ ತಲೆನೇ ಓಡ್ಲಿಲ್ಲ ರೀ. ನಂಗೆ ಗೊತ್ತಿರೋದು ಅದೊಂದೇ... ಮುಂದೆ ನಿಮ್ಗೆ ತೊಂದ್ರೆ ಆಗ್ಬಾರ್ದು ಅನ್ನಿಸ್ತು."

ಅವಳ ಕಣ್ಣು ತುಂಬಿ ಬಂತು. "ಎಷ್ಟು ಬೇಕಾದ್ರೂ ಬಯ್ಯಿರಿ."

"ಬಯ್ಯಲ್ಲ. ಸೇಡು ತೀರಿಸ್ಕೋತೀನಿ! ಈ ಸಲ ಮದುವೆ ಪ್ರಶ್ನೆ ನೀವು ಕೇಳ್ಬೇಕು. ನಾನೂ ಒಲ್ಲೆ ಅನ್ನಬಹುದು."

ನೂರಾರು ಮದುವೆಗಳಲ್ಲಿ ಮಾತಾಡಿದ ನಾಲಿಗೆ ತೊದಲಿತು. "ನನ್ನ... ಮದುವೆ ಆಗ್ತೀರಾ?"

ಅವನು ಬೇಕೆಂದೇ ಲೆಕ್ಕ ಹಾಕುವವನಂತೆ ಬೆರಳು ಎಣಿಸತೊಡಗಿದ. ಅವಳ ಜೀವ ಬಾಯಿಗೆ ಬಂತು.

"ಆಗ್ತೀನಿ. ಆದ್ರೆ ನಿರೂಪಣೆ ಯಾರು ಮಾಡೋದು?"

"ನಾನೇ!" ಅವಳು ಕಣ್ಣೊರೆಸಿಕೊಂಡು ನಕ್ಕಳು. "ಅದಕ್ಕೆ ದುಡ್ಡು ತಗೊಳ್ಳಲ್ಲ. ರಿಟರ್ನ್ಸಲ್ಲಿ ತೋರಿಸ್ತೀರಾ ಅಂತ ಮಾತ್ರ ಕೇಳ್ಬೇಡಿ!"