ಕಣ್ಣು ಮುಚ್ಚಿದ ತಲೆ

ಮೇ ಹದಿನಾಲ್ಕು, ಬುಧವಾರ. ದೇಜನ್ ನಗರದ ಹೊಳೆಯಾಚೆಗಿನ ಪೊಲೀಸ್ ಠಾಣೆಯಲ್ಲಿ ಬೆಳಗಿನ ಬಾರ್ಲಿ ಟೀ ಇನ್ನೂ ಆರಿರಲಿಲ್ಲ. ಹೆಂಗಸೊಬ್ಬರು ಏದುಸಿರು ಬಿಡುತ್ತ ಒಳಗೆ ಬಂದರು. ಕುತ್ತಿಗೆಯಲ್ಲಿ ಯಾವುದೋ ಸಮ್ಮೇಳನದ ಬ್ಯಾಡ್ಜು, ಕಂಕುಳಲ್ಲಿ ರಟ್ಟಿನ ಡಬ್ಬಿ. ಡಬ್ಬಿಯನ್ನು ಇನ್‌ಸ್ಪೆಕ್ಟರ್ ಮಾ ಗ್ಯಂಗ್‌ಸುಕ್ ಅವರ ಮೇಜಿನ ಮೇಲಿಟ್ಟು, "ಇದು ನನ್ನ ಮಗಳು" ಎಂದರು.

ಮಾ ಮುಚ್ಚಳ ತೆಗೆದರು. ಇಪ್ಪತ್ತು ವರ್ಷದ ನೌಕರಿಯಲ್ಲಿ ನೋಡಬಾರದ್ದನ್ನೆಲ್ಲ ನೋಡಿದ ಹೆಂಗಸು. ಆದರೂ ಚೇಳು ಮುಟ್ಟಿದವರಂತೆ ಕೈ ಹಿಂದಕ್ಕೆಳೆದುಕೊಂಡರು.

ಒಳಗಿದ್ದದ್ದು ಮಗುವಿನ ತಲೆ. ಬಿಳಿ ಪ್ಲಾಸ್ಟಿಕ್ಕಿನದು, ನಿಜವಾದ ಅಳತೆಯದು. ಕೂದಲಿಲ್ಲ. ಕಣ್ಣು ಮುಚ್ಚಿತ್ತು, ಬಾಯಿ ಚೂರು ತೆರೆದಿತ್ತು. ಹಣೆಯಿಂದ ಗಲ್ಲದವರೆಗೆ ಕಲ್ಲಂಗಡಿ ಹಣ್ಣಿನ ಹಾಗೆ ಸೀಳಿ ಎರಡು ಹೋಳು ಮಾಡಿದ್ದರು.

"ಮಗಳು ಈಗ ಎಲ್ಲಿದ್ದಾಳೆ?" ಮಾ ಮೊದಲು ಕೇಳಿದ್ದು ಅದೊಂದೇ.

"ಸ್ಕೂಲಲ್ಲಿ. ಫೋನ್ ಮಾಡಿ ಕೇಳ್ದೆ. ಇದ್ದಾಳಂತೆ."

"ಅಂತೆ ಕಂತೆ ಬೇಡ. ಬಾಂಗಣ್ಣ, ಗಾಡಿ ತಗೊಂಡು ಹೋಗಿ. ಮಗೂನ ಕಣ್ಣಾರೆ ನೋಡಿ ನಂಗೆ ಫೋನ್ ಮಾಡಿ."

ಹೆಡ್ ಕಾನ್‌ಸ್ಟೆಬಲ್ ಬಾಂಗ್, ಮಾ ಅವರಿಗಿಂತ ಹತ್ತು ವರ್ಷ ದೊಡ್ಡವರು, ಮಾತಿಗೊಂದು ತಮಾಷೆ ಮಾಡುವ ಆಸಾಮಿ. ಅವತ್ತು ತುಟಿ ಬಿಚ್ಚದೆ ಟೋಪಿ ಎತ್ತಿಕೊಂಡು ಹೋದರು.

ದೂರುದಾರರು ಪ್ರೊಫೆಸರ್ ಸನ್‌ವು ಜಿಯನ್. ವಸ್ತುಗಳ ಆಕಾರವನ್ನು ಕಂಪ್ಯೂಟರಿನೊಳಗೆ ತ್ರಿಕೋನಗಳ ಬಲೆಯಾಗಿ ಹೆಣೆದು, ಅದನ್ನು ಕತ್ತರಿಸುವ, ಬಗ್ಗಿಸುವ, ತೂತು ಮುಚ್ಚುವ ವಿದ್ಯೆ ಅವರದು. ಆ ವಿದ್ಯೆಯವರೆಲ್ಲ ಸೇರುವ ವಾರ್ಷಿಕ ಸಮ್ಮೇಳನ ಈ ಸಲ ದೇಜನ್‌ನಲ್ಲಿ, ಇವರದೇ ಅಧ್ಯಕ್ಷತೆಯಲ್ಲಿ ನಡೆದಿತ್ತು. ಮಂಗಳವಾರ ಉದ್ಘಾಟನೆಯ ದಿನ ಅವರ ಕುರ್ಚಿಯ ಮೇಲೆ ಇಂಥದೇ ಡಬ್ಬಿ ಇತ್ತಂತೆ. ಒಳಗೆ ಇದೇ ತಲೆ, ಆದರೆ ಇಡಿಯಾಗಿತ್ತು. ವಿದ್ಯಾರ್ಥಿಗಳು ಉಡುಗೊರೆ ಮಾಡಿದ್ದಾರೆಂದು ಖುಷಿಪಟ್ಟು ಮನೆಗೂ ಒಯ್ದಿದ್ದರು. ಇವತ್ತು ಸೀಳಿದ್ದು ಬಂದಿದೆ.

"ನಿಮ್ಮ ಮಗಳೇ ಅಂತ ಹೇಗೆ ಹೇಳ್ತೀರಿ?"

"ಎಡಗಿವಿ ಹಿಂದೆ ನೋಡಿ. ಜೋಕಾಲಿಯಿಂದ ಬಿದ್ದು ಹೊಲಿಗೆ ಹಾಕ್ಸಿದ್ದು. ಮೇಲಿನ ಹಲ್ಲಿಲ್ಲ, ನೋಡಿ. ನನ್ನ ಸೋರಾಗೂ ಇಲ್ಲ."

"ಹಲ್ಲು ಯಾವಾಗ ಬಿತ್ತು?"

"ಹೋದ ಗುರುವಾರ."

"ಯಾರ ಮೇಲಾದರೂ ಅನುಮಾನ?"

"ನಾವು ಲೆಕ್ಕ ಮಾಡೋರು ಮೇಡಂ. ನಮಗ್ಯಾರು ವೈರಿಗಳಿರ್ತಾರೆ?"

ಅಪರಿಚಿತನ ಮೇಲೆ ಬೆದರಿಕೆಯ ಎಫ್‌ಐಆರ್ ದಾಖಲಾಯಿತು. ಇಡಿಯದನ್ನೂ ಮನೆಯಿಂದ ತರಿಸಿ, ಎರಡೂ ತಲೆಗಳನ್ನು ಪಂಚರ ಮುಂದೆ ಜಪ್ತಿ ಮಾಡಿ ಪಂಚನಾಮೆ ಬರೆಸಿದರು. ಬಾಂಗ್ ಫೋನ್ ಮಾಡಿ, "ಇದ್ದಾಳೆ ಮೇಡಂ, ಕ್ಲಾಸಲ್ಲಿ ಪಕ್ಕದ ಹುಡುಗನ ರಬ್ಬರ್ ಕದೀತಿದ್ದಾಳೆ" ಎಂದ ಮೇಲೆಯೇ ಮಾ ಅವರಿಗೆ ಉಸಿರು ನೆಟ್ಟಗಾಯಿತು.

ಪಂಚನಾಮೆಗೆಂದು ತಲೆಯನ್ನು ಬೆಳಕಿಗೆ ಹಿಡಿದಾಗ ಕಣ್ಣಿನ ಸುತ್ತ ಉಂಗುರದಂಥ ಸಣ್ಣ ಕುಳಿ ಕಂಡಿತು. ಏನನ್ನೋ ಒತ್ತಿ ಕಟ್ಟಿ ಬಿಚ್ಚಿದಾಗ ಚರ್ಮದ ಮೇಲೆ ಉಳಿಯುವ ಗುರುತು. ಹಣೆಯ ಮೇಲೆ ಅಡ್ಡಗೆರೆ. ಬೋಳು ತಲೆಯಲ್ಲ, ಬಿಗಿಯಾದ ಟೋಪಿ.

"ಮಗಳು ಈಜಿಗೆ ಹೋಗ್ತಾಳಾ?"

"ಮಂಗಳವಾರ, ಶುಕ್ರವಾರ."  ಪ್ರೊಫೆಸರಿಗೂ ಅರ್ಥವಾಗಿತ್ತು.

ಗುರುವಾರ ಹಲ್ಲು ಬಿದ್ದಿದೆ, ಮಂಗಳವಾರ ಡಬ್ಬಿ ಬಂದಿದೆ. ಹಾಗಾದರೆ ನಡುವಿನ ಶುಕ್ರವಾರ, ಮಗು ನೀರಿನಿಂದ ಎದ್ದು ಈಜುಗನ್ನಡಕ ಬಿಚ್ಚಿದ ಆ ಗಳಿಗೆಯಲ್ಲಿ, ಯಾರೋ ಅದರ ಮುಖದ ಹತ್ತಿರ ಬಂದು ನಿಂತಿದ್ದಾರೆ. ಕೈ ಚಾಚಿದರೆ ಕುತ್ತಿಗೆ ಸಿಗುವಷ್ಟು ಹತ್ತಿರ. 

ಈಜುಕೊಳದ ಮ್ಯಾನೇಜರನ್ನು ಬಾಂಗ್ ಅವತ್ತೇ ಹಿಡಿದರು.

"ಶುಕ್ರವಾರ ಒಬ್ರು ಬಂದಿದ್ರು ಸಾರ್. ಮಕ್ಕಳ ಮುಖದ ಅಳತೆಗೇ ಈಜೋ ಕನ್ನಡಕ ಮಾಡಿಕೊಡ್ತೀವಿ ಅಂತ. ಲೈಟ್ ಹೊಡೆಯೋ ಮಿಷನ್ ಇತ್ತು. ಮಕ್ಕಳಿಗೆ ಕಣ್ಮುಚ್ಕೋ, ಅಲುಗಾಡಬೇಡ ಅಂತಿದ್ರು."

"ಯಾರು, ಎಲ್ಲಿಯೋರು ಅಂತ ಕೇಳಿದ್ರಾ?"

"ಕೋಟು ಹಾಕ್ಕೊಂಡಿದ್ರು ಸಾರ್."

"ಓಹೋ! ಕೋಟು ಹಾಕ್ಕೊಂಡೋರೆಲ್ಲ ನಿನಗೆ ಬೀಗರೇನಪ್ಪಾ? ತೆಗಿ ಆ ಕ್ಯಾಮೆರಾ ರೆಕಾರ್ಡು."

ರೆಕಾರ್ಡು ಕ್ಯಾಮೆರಾ ಕಂಪನಿಯವರ ಹತ್ತಿರ ಇತ್ತು. ನಾಳೆ ಕೊಡುತ್ತೇವೆ ಎಂದರು.

ಗುರುವಾರ ಸೋರಾಳನ್ನು ಶಾಲೆಗೆ ಕಳಿಸಲಿಲ್ಲ. ಅಪ್ಪ ಕೆಲಸದ ಮೇಲೆ ಜರ್ಮನಿಗೆ ಹೋಗಿದ್ದ. ತಾಯಿ ಸಮ್ಮೇಳನ ಬಿಟ್ಟು ಬರುವ ಹಾಗಿರಲಿಲ್ಲ. ಹೀಗಾಗಿ ಮಗುವನ್ನು ಸಭಾಭವನದ ಕಚೇರಿ ಕೋಣೆಯಲ್ಲೇ ಕೂರಿಸಿ, ಬಾಗಿಲಿಗೆ ಒಬ್ಬ ಮಹಿಳಾ ಪೇದೆಯನ್ನು ಹಾಕಿದರು. ಮಗು ಅನ್ನದ ಸುರುಳಿ ಕಿಂಬಾಪ್ ತಿನ್ನುತ್ತ, "ಪೊಲೀಸಕ್ಕ, ನಿನ್ನ ಬಂದೂಕು ಕೊಡ್ತೀಯಾ?" ಎಂದು ಪೀಡಿಸುತ್ತಿತ್ತು.

ಹನ್ನೊಂದು ಗಂಟೆಗೆ ಮೂರನೆಯ ಡಬ್ಬಿ ಸಿಕ್ಕಿತು. ಪ್ರತಿನಿಧಿಗಳಿಗೆ ಕೊಡುವ ಚೀಲಗಳ ನಡುವೆಯೇ ಯಾರೋ ಇಟ್ಟು ಹೋಗಿದ್ದರು. ಈ ಸಲ ತಲೆಯ ತುಂಬ ತೂತು. ಕೆನ್ನೆ, ಹಣೆ, ಮುಚ್ಚಿದ ರೆಪ್ಪೆ, ಒಂದನ್ನೂ ಬಿಟ್ಟಿರಲಿಲ್ಲ. ಪ್ರೊಫೆಸರ್ ಡಬ್ಬಿಯ ಮುಚ್ಚಳ ಮುಚ್ಚಿಬಿಟ್ಟರು. "ಕೊಲ್ತಾನೆ ಮೇಡಂ. ಹೇಗ್ಹೇಗೆ ಕೊಲ್ತೀನಿ ಅಂತ ತೋರಿಸ್ತಿದ್ದಾನೆ!"

"ನಾವಿದ್ದೀವಿ, ಏನೂ ಆಗಲ್ಲ" ಎಂದರು ಮಾ. ಬಾಯಿಮಾತಿಗೆ ಅಂದರು ಅಷ್ಟೇ. ಮೊದಲು ಇಡಿಯದು, ಆಮೇಲೆ ಸೀಳಿದ್ದು, ಈಗ ತೂತು ಕೊರೆದದ್ದು. ನಾಳೆಯ ಡಬ್ಬಿಯಲ್ಲಿರುವುದು ಪ್ಲಾಸ್ಟಿಕ್ಕಿನದಾಗಿರದಿದ್ದರೆ?  ಭವನದೊಳಗೆ ನಾನೂರು ಜನ. ಎಲ್ಲರ ಕೊರಳಲ್ಲೂ ಒಂದೇ ಥರದ ಬ್ಯಾಡ್ಜು. ಅವರಲ್ಲೇ ಒಬ್ಬ.

ಚೀಲಗಳನ್ನು ಇಟ್ಟಿದ್ದ ಪಡಸಾಲೆಯ ಉದ್ದಕ್ಕೂ ಸಂಶೋಧಕರ ಪೋಸ್ಟರುಗಳನ್ನು ಸಾಲಾಗಿ ಹಾಕಿದ್ದರು. ಡಬ್ಬಿ ಇಟ್ಟವನು ಹೋದ ದಾರಿಯೆಂದು ಮಾ ಆ ಕಡೆ ನಡೆದರು. ನಾಲ್ಕು ಹೆಜ್ಜೆ ಇಡುವುದರಲ್ಲಿ ಗಕ್ಕನೆ ನಿಂತರು.

ಗೋಡೆಯ ತುಂಬ ಒಂದು ಮಗುವಿನ ತಲೆ. ಸೋರಾ ಅಲ್ಲ, ಬೇರೆ ಮಗು, ಕೆನ್ನೆ ಗುಂಡಗಿದೆ. ಇದಕ್ಕೂ ಬಿಗಿ ಟೋಪಿ, ಮುಚ್ಚಿದ ಕಣ್ಣು. ಒಂದು ಚಿತ್ರದಲ್ಲಿ ತಲೆಯನ್ನು ಸೀಳಿದ್ದಾರೆ, ಹಣೆಯಿಂದ ಗಲ್ಲದವರೆಗೆ. ಇನ್ನೊಂದರಲ್ಲಿ ಜರಡಿಯ ಹಾಗೆ ತೂತು ಮಾಡಿದ್ದಾರೆ. ಮತ್ತೊಂದರಲ್ಲಿ ಮೇಣದಂತೆ ಕರಗಿಸಿದ್ದಾರೆ. ಸಾಲುಸಾಲಾಗಿ ಅದೇ ಮಗು. ಪಕ್ಕದಲ್ಲಿ ನಿಂತವರು ಕಾಫಿ ಕುಡಿಯುತ್ತಿದ್ದಾರೆ!

"ಇದೇನಿದು?" ಮಾ ಒಬ್ಬ ತರುಣ ಸಂಶೋಧಕನನ್ನು ಕೇಳಿದರು.

"ಪುಟ್ಟಿ ಮೇಡಂ." ಅವನಿಗೆ ಹೇಳುವ ಉತ್ಸಾಹ. "ಹೊಸ ವಿಧಾನ ಏನೇ ಕಂಡುಹಿಡಿದ್ರೂ ಮೊದಲು ಪುಟ್ಟಿ ಮೇಲೆ ಮಾಡಿ ತೋರಿಸ್ಬೇಕು. ಇಲ್ಲಾಂದ್ರೆ ಲೇಖನ ವಾಪಸ್ ಬರುತ್ತೆ. ಪುಟ್ಟಿ ಮೇಲೆ ಯಾಕೆ ಮಾಡಿಲ್ಲ ಅಂತ ಕೇಳೇ ಕೇಳ್ತಾರೆ."

"ಯಾರ ಮಗು?"

ಅವನು ನಕ್ಕುಬಿಟ್ಟ. "ಮಗು ಅಲ್ಲ ಮೇಡಂ. ಆಕಾರ."

ಮಾ ಬಿರಬಿರನೆ ಕಚೇರಿಯ ಕಡೆಗೆ ಬಂದರು. ಬಾಗಿಲ ಹೊರಗೆ ಪ್ರೊಫೆಸರ್ ನೀರು ಕುಡಿಯುತ್ತ ನಿಂತಿದ್ದರು.

"ಪುಟ್ಟಿ ಯಾರು?"

"ಅದಾ? ಅದು ಪರೀಕ್ಷೆಗೆ ಬಳಸೋ ಆಕಾರ ಅಷ್ಟೇ. ನಮ್ಮ ಲ್ಯಾಬಿನದೇ. ಈಗ ಪ್ರಪಂಚದಲ್ಲೆಲ್ಲ ಇದೆ."

"ನಾನು ಕೇಳಿದ್ದು, ಯಾರ ತಲೆ ಅದು?"

"ನಮ್ಮಲ್ಲಿ ಟಾಕ್ ಇನ್‌ಗ್ಯು ಅಂತ ಒಬ್ರಿದ್ರು. ಅಳತೆ ಮಿಷನ್ ನೋಡ್ಕೋತಿದ್ರು. ಒಂದಿನ ಮಗಳನ್ನ ಕರ್ಕೊಂಡು ಬಂದಿದ್ರು. ಸುಮ್ನೆ ತಮಾಷೆಗೆ ಅಳತೆ ತೆಗೆದ್ವಿ. ಆಮೇಲೆ ಆ ಮಗು..." ಪ್ರೊಫೆಸರ್ ತಡವರಿಸಿದರು. "ಕಾಯಿಲೆ ಬಂದು ತೀರಿಕೊಳ್ತು. ಆಕಾರ ತೆಗೆದುಹಾಕಿ ಅಂತ ಅವರು ಪತ್ರ ಬರೆದಿದ್ರು. ಆಗಲ್ಲ, ಎಲ್ಲಾ ಕಡೆ ಹಂಚಿಹೋಗಿದೆ ಅಂತ ಆಫೀಸಿನೋರು ಉತ್ತರ ಕೊಟ್ಟಿರ್ಬೇಕು."

ಅದೇ ಹೊತ್ತಿಗೆ ಮಾ ಅವರ ಫೋನಿಗೆ ಬಾಂಗ್ ಕಳಿಸಿದ ಚಿತ್ರ ಬಂತು. ಈಜುಕೊಳದ ಮೊಗಸಾಲೆ, ಕೋಟು ತೊಟ್ಟ ತೆಳ್ಳಗಿನ ಗಂಡಸು. ಮಾ ಫೋನನ್ನು ಪ್ರೊಫೆಸರ್ ಮುಂದೆ ಹಿಡಿದರು. ಅವರ ಮುಖ ಸುಣ್ಣದಂತಾಯಿತು. "ಟಾಕ್" ಎಂದರು.

"ಮಗು ಒಳಗಿದೆ ತಾನೇ?" ಮಾ ಪೇದೆಯನ್ನು ಕೇಳಿದರು.

"ಇದ್ದಾಳೆ ಮೇಡಂ. ಬಾಗಿಲು ಬಿಟ್ಟು ಅಲ್ಲಾಡಿಲ್ಲ ನಾನು."

ಬಾಗಿಲು ತೆಗೆದರು. ಮೇಜಿನ ಮೇಲೆ ಅರ್ಧ ತಿಂದ ಕಿಂಬಾಪ್ ಇತ್ತು. ಪರದೆಯ ಹಿಂದೆ, ವೇದಿಕೆಯ ಕಡೆ ಹೋಗುವ ಇನ್ನೊಂದು ಬಾಗಿಲು ಹಾರುಹೊಡೆದಿತ್ತು. ಯಾರೂ ಅದನ್ನು ಗಮನಿಸಿರಲಿಲ್ಲ. ತಾಯಿ ಕಿರುಚಿದ್ದನ್ನು ಮಾ ಅವರಿಗೆ ಆಮೇಲೆ ಎಷ್ಟೋ ದಿನ ಮರೆಯಲಾಗಲಿಲ್ಲ.

ಹೊರಬಾಗಿಲುಗಳನ್ನು ಮುಚ್ಚಿಸಿದರು. ಶೌಚಾಲಯ, ಮೆಟ್ಟಿಲು, ಅಡುಗೆಮನೆ, ಎಲ್ಲ ಕಡೆ ಜನ ಓಡಿದರು. ಮಾ ದೊಡ್ಡ ಸಭಾಂಗಣಕ್ಕೆ ನುಗ್ಗಿದರು. ಒಳಗೆ ದೀಪ ಆರಿಸಿದ್ದರು. ಪರದೆಯ ಬೆಳಕಿನಲ್ಲಿ ಬರೀ ತಲೆಗಳು ಕಾಣುತ್ತಿದ್ದವು. ಸಾಲು ಸಾಲು ಕಣ್ಣಾಡಿಸಿದರು.  ದೇವರೇ, ಮಗುವೊಂದು ಸಿಗಲಿ.

ಕೊನೆಯ ಸಾಲಿನಲ್ಲಿ ಆ ತೆಳ್ಳಗಿನ ಗಂಡಸು ಕೂತಿದ್ದ. ಪಕ್ಕದಲ್ಲಿ ಸೋರಾ. ಅವನ ಅಂಗೈ ಮಗುವಿನ ಮುಖವನ್ನು ಪೂರ್ತಿ ಮುಚ್ಚಿತ್ತು.

ಉಸಿರುಗಟ್ಟಿಸುತ್ತಿದ್ದಾನೆ! ಮಾ ಕುರ್ಚಿಗಳ ನಡುವೆ ನುಗ್ಗಿದರು. ಹಾರಿದವರೇ ಅವನ ಮಣಿಕಟ್ಟು ಹಿಡಿದು ತಿರುಚಿದರು. ಆತ ಕೊಸರಾಡಲಿಲ್ಲ. ಇನ್ನೊಂದು ಕೈಯನ್ನು ಮಗುವಿನ ಕಣ್ಣಿಗೆ ಅಡ್ಡ ಹಿಡಿದ.

"ನನ್ನನ್ನ ಹಿಡ್ಕೊಳ್ಳಿ ಮೇಡಂ. ಆದ್ರೆ ಮಗು ನೋಡೋದು ಬೇಡ. ಹೆದರ್ಕೊಳ್ಳುತ್ತೆ."

ಮಾ ತಿರುಗಿ ನೋಡಿದರು. ಎರಡಾಳೆತ್ತರದ ಪರದೆಯ ಮೇಲೆ ಪುಟ್ಟಿಯ ತಲೆ ಈರುಳ್ಳಿಯ ಹಾಗೆ ಸಿಪ್ಪೆಸಿಪ್ಪೆಯಾಗಿ ಬಿಚ್ಚಿಕೊಳ್ಳುತ್ತಿತ್ತು. ಕೊನೆಯ ಸಿಪ್ಪೆ ಕಳಚಿದಾಗ ಸಭೆ ಚಪ್ಪಾಳೆ ತಟ್ಟಿತು.

"ಅಮ್ಮನ್ನ ಹುಡುಕ್ಕೊಂಡು ಬಂದೆ" ಎಂದಳು ಸೋರಾ, ಕೈಯ ಮರೆಯಿಂದಲೇ. "ಇವ್ರು ಕನ್ನಡಕದ ಮಾಮ. ಇಲ್ಲೇ ಕೂತ್ಕೋ, ಅಮ್ಮ ಬರ್ತಾಳೆ ಅಂದ್ರು."

ಆರೋಪಿಯನ್ನು ಸ್ಥಳದಲ್ಲೇ ಬಂಧಿಸಲಾಯಿತು. ಆತನ ಚೀಲವನ್ನು ಮಾ ಪಂಚರ ಮುಂದೆ ತೆರೆದರು. ನಾಲ್ಕನೆಯ ತಲೆ ಇರಲಿಲ್ಲ. ಸೋರಾಳ ಮುಖದ ಅಳತೆಗೆ ಮಾಡಿದ ಹಳದಿ ಈಜುಗನ್ನಡಕ ಒಂದಿತ್ತು. ಅದನ್ನೂ ಪಂಚನಾಮೆಯಲ್ಲಿ ಬರೆಸಿದರು.

ಮಧ್ಯಾಹ್ನ ಠಾಣೆಯಲ್ಲಿ ವಿಚಾರಣೆ.

"ತಲೆಗಳನ್ನ ಮಾಡಿದ್ದು ನೀವೇನಾ?"

"ನಾನೇ."

"ಒಳಗೆ ಹೇಗೆ ಬಂದ್ರಿ?"

"ಅಳತೆ ಮಿಷನ್ ಮಾರೋ ಕಂಪನೀಲಿ ಕೆಲಸ. ನಮ್ಮದೂ ಅಂಗಡಿ ಇದೆ ಅಲ್ಲಿ."

"ಕನ್ನಡಕ ಯಾಕೆ?"

"ಮಾಡಿಕೊಡ್ತೀನಿ ಅಂದಿದ್ದೆ. ಉಳಿದ ಮಕ್ಕಳದ್ದೆಲ್ಲ ನಿನ್ನೆ ಅವರವರ ಮನೆಗೆ ಕಳಿಸಿದೆ."

"ಮಗೂಗೆ ಏನಾದರೂ ಮಾಡೋ ಉದ್ದೇಶ ಇತ್ತಾ?"

ಟಾಕ್ ತಲೆಯೆತ್ತಿದ. ಆ ಪ್ರಶ್ನೆಯಿಂದ ಅವನಿಗೇ ಹೆದರಿಕೆಯಾದಂತಿತ್ತು. "ಅಯ್ಯೋ, ಇಲ್ಲ."

"ಮತ್ತೆ ಈ ರಗಳೆ ಯಾಕೆ ಮಾಡಿದ್ರಿ?"

"ಒಂಬತ್ತು ವರ್ಷದಿಂದ ನೋಡ್ತಿದ್ದೀನಿ ಮೇಡಂ. ನನ್ನ ಕೆಲಸಾನೇ ಇದು, ಎಲ್ಲಿ ಹೋದ್ರೂ ಇದೇ ಜನ. ಸೀಳ್ತಾರೆ, ಕರಗಿಸ್ತಾರೆ, ಚಪ್ಪಾಳೆ ತಟ್ತಾರೆ. ಯಾರ ಮೇಲೂ ಸಿಟ್ಟಿಲ್ಲ, ಅವ್ರಿಗೆ ಗೊತ್ತಿಲ್ಲ. ಪ್ರೊಫೆಸರ್ ಆಯಮ್ಮಂಗೆ ಗೊತ್ತಿತ್ತು. ಕೇಳ್ಕೊಂಡೆ. ಬರೀ ಆಕಾರ ಅಂತ ಉತ್ತರ ಬಂತು. ಬರೀ ಆಕಾರ ನೋಡಿದ್ರೆ ಹೊಟ್ಟೇಲಿ ಏನಾಗುತ್ತೆ ಅಂತ ಒಂದೇ ಒಂದು ಸಲ ಗೊತ್ತಾಗ್ಲಿ ಅಂತ ಮಾಡ್ದೆ."

ಬಾಂಗ್ ಬಾರ್ಲಿ ಟೀ ತಂದು ಮುಂದಿಟ್ಟರು. ಆತ ಲೋಟ ಮುಟ್ಟಲಿಲ್ಲ.

"ಟೋಪಿ ಹಾಕಿದ್ದು ನಾನೇ ಮೇಡಂ. ಕಣ್ಮುಚ್ಕೋ, ಅಪ್ಪ ಹೇಳೋತನಕ ಅಲುಗಾಡಬೇಡ ಅಂದಿದ್ದೆ. ಎಷ್ಟು ಜಾಣೆ ಅಂದ್ರೆ, ಉಸಿರೂ ಹಿಡ್ಕೊಂಡಿದ್ಲು." ಆತ ಅಂಗೈಯಿಂದ ಮೂಗೊರೆಸಿಕೊಂಡ. "ಆಯಮ್ಮಂಗೆ ಅವಳ ಹೆಸರೂ ಗೊತ್ತಿಲ್ಲ. ಬೇಕಾದ್ರೆ ಕೇಳಿ ನೋಡಿ."

ಹೊರಗೆ ಬೆಂಚಿನ ಮೇಲೆ ಪ್ರೊಫೆಸರ್ ಕೂತಿದ್ದರು. ಸೋರಾ ಅವರ ತೊಡೆಯ ಮೇಲೆ ನಿದ್ದೆ ಹೋಗಿದ್ದಳು. ಮಾ ಅವರನ್ನು ಕಂಡದ್ದೇ ಅವರು ತೋಳು ಹಿಡಿದುಕೊಂಡರು.

"ಸೋರಾ ಮುಖದ ಅಳತೆ ಎಲ್ಲಿಗಾದ್ರೂ ಕಳಿಸಿದ್ದಾನಾ ಮೇಡಂ? ಒಂದು ಸಲ ಹೊರಗೆ ಹೋದ್ರೆ ಮುಗೀತು. ಯಾರ್ಯಾರ ಕೈಗೆ ಸಿಗುತ್ತೋ, ಏನೇನು ಮಾಡ್ತಾರೋ..."

"ಇಲ್ಲ. ಅವರ ಕಂಪ್ಯೂಟರ್ ನೋಡಿಸಿದ್ವಿ. ಯಾರಿಗೂ ಕಳಿಸಿಲ್ಲ. ಇವತ್ತು ಬೆಳಗ್ಗೆ ಅವರೇ ಅಳಿಸಿಬಿಟ್ಟಿದ್ದಾರೆ."

ಪ್ರೊಫೆಸರ್ ಕಣ್ಣು ಮುಚ್ಚಿ ದೊಡ್ಡದಾಗಿ ಉಸಿರು ಬಿಟ್ಟರು.  ಕೇಳಬೇಕೋ ಬೇಡವೋ ಎಂದು ಮಾ ಅವರಿಗೂ ತಿಳಿಯಲಿಲ್ಲ. ಕೇಸಿಗೆ ಅದರ ಅಗತ್ಯವಿರಲಿಲ್ಲ.

"ಪ್ರೊಫೆಸರ್, ಟಾಕ್ ಅವರ ಮಗಳ ಹೆಸರೇನು?"

"ಪುಟ್ಟಿದಾ?" ಎಂದರು ಅವರು ಥಟ್ಟನೆ. ತಾವು ಏನೆಂದೆವು ಎನ್ನುವುದು ಅರಿವಾಗಿ ತುಟಿ ಕಚ್ಚಿಕೊಂಡರು. "ಕೆಂಪು ಬೂಟು ಹಾಕ್ಕೊಂಡು ಬಂದಿದ್ಲು. ನಂಗೆ ಕಿತ್ತಳೆ ತೊಳೆ ಕೊಟ್ಟಿದ್ಲು. ಹೆಸರು..."

ನೆನಪಿಸಿಕೊಳ್ಳಲು ನೋಡಿದರು. ನೆಲ ನೋಡಿದರು, ಗೋಡೆ ನೋಡಿದರು, ತೊಡೆಯ ಮೇಲಿನ ಮಗಳ ಮುಖ ನೋಡಿದರು. ಬರಲಿಲ್ಲ.

"ನಾರೆ" ಎಂದರು ಮಾ. "ಟಾಕ್ ನಾರೆ."

ಪ್ರೊಫೆಸರ್ ಬಾಯಿಗೆ ಕೈ ಅಡ್ಡ ಹಿಡಿದು ಅಳತೊಡಗಿದರು, ಮಗಳಿಗೆ ಎಚ್ಚರವಾಗದ ಹಾಗೆ. ಮಾ ಟಾಕ್ ಅವರ ಹೇಳಿಕೆಗೆ ಸಹಿ ಹಾಕಿಸಲು ಒಳಗೆ ಹೋದರು.