ದ್ರಾಕ್ಷಿಯ ಎರಡು ಪಿನ್ನು

"ಪಿನ್ ಎಲ್ಲದಾವ ದ್ರಾಕ್ಷಿ? ಲಗೂ ಹಚ್ಚು," ಎಂದು ಅವ್ವ ಸೆರಗು ಸರಿಮಾಡಿಕೊಂಡು ಬೆನ್ನು ತಿರುಗಿಸಿ ನಿಂತಳು.

ದ್ರಾಕ್ಷಿ ತನ್ನ ಫ್ರಾಕಿಗೆ ಚುಚ್ಚಿಕೊಂಡಿದ್ದ ಪಿನ್ನನ್ನು ತೆಗೆದಳು. ಒಂದೇ ಒಂದು. ಬೆಳಿಗ್ಗೆ ಮನೆ ಬಿಡುವಾಗ ಎರಡಿದ್ದವು. ಇನ್ನೊಂದು ಎಲ್ಲಿಗೆ ಹೋಯಿತು ಎಂದು ಅವಳಿಗೆ ಚೆನ್ನಾಗಿಯೇ ಗೊತ್ತಿತ್ತು. ಅದು ಅವಳ ಎಡಗಾಲಿನ ಚಪ್ಪಲಿಯಲ್ಲಿತ್ತು.

ಕೊಪ್ಪಳದ ಬಸ್‌ಸ್ಟ್ಯಾಂಡಿನಲ್ಲಿ ಗಂಗಾವತಿ ಬಸ್ಸಿಗೆ ಓಡುವಾಗ ಚಪ್ಪಲಿಯ ಪಟ್ಟಿ ಕಿತ್ತುಬಂದಿತ್ತು. ಅಪ್ಪ ಕಿಟಕಿಯಿಂದ ಟವೆಲ್ ಹಾಕಿ ಸೀಟು ಹಿಡಿಯುವ ಗಡಿಬಿಡಿಯಲ್ಲಿದ್ದ. ಅವ್ವ ತನ್ನ ಆಟದ ಕೋಲಿದ್ದ ಉದ್ದನೆಯ ಚೀಲ ಯಾರ ಕಣ್ಣಿಗೂ ಚುಚ್ಚದಂತೆ ಮೇಲೆತ್ತಿ ಹಿಡಿದಿದ್ದಳು. ಈಗ ಚಪ್ಪಲಿ ಕಿತ್ತಿತು ಎಂದರೆ ಬೈಗುಳ ಗ್ಯಾರಂಟಿ. ದ್ರಾಕ್ಷಿ ಒಂದು ಪಿನ್ನನ್ನು ಪಟ್ಟಿಗೆ ಚುಚ್ಚಿ, ಏನೂ ಆಗಿಲ್ಲ ಎಂಬಂತೆ ಬಸ್ ಹತ್ತಿದ್ದಳು.

"ಹಚ್ಚಿದ್ಯಾ?" ಗಂಗಾವತಿಯಲ್ಲಿ ಇಳಿದು ನಿಂತಿದ್ದ ಅವ್ವ ಮತ್ತೆ ಕೇಳಿದಳು.

"ಹೂಂ," ಎಂದಳು ದ್ರಾಕ್ಷಿ. ಹೆಗಲ ಮೇಲೆ ಪಿನ್ನು ಹಾಕಿದಳು. ಸೊಂಟದ ಹತ್ತಿರ ಹಾಕಬೇಕಾದ ಪಿನ್ನು ಇಲ್ಲದ್ದಕ್ಕೆ ಸೆರಗಿನ ತುದಿಯನ್ನು ಗಟ್ಟಿಯಾಗಿ ಒಳಗೆ ಸಿಕ್ಕಿಸಿದಳು. ಸಾಕು ಎಂದುಕೊಂಡಳು.

ಬೇರೆ ದಿನವಾಗಿದ್ದರೆ ಸಾಕಾಗುತ್ತಿತ್ತೋ ಏನೋ. ಅವ್ವ ದಿನಾಲೂ ಉಡುವುದು ಕಾಟನ್ ಸೀರೆ. ಆದರೆ ಇವತ್ತು ಫೈನಲ್. "ಇಷ್ಟು ಮಂದ್ಯಾಗ ಹೊಂಟೀ, ಹಳೇ ಸೀರಿ ಉಟ್ಕೊಂಡು ಹೋಗ್ತೀಯೇನು?" ಎಂದು ಅಜ್ಜಿ ಸಣ್ಣವ್ವ ತನ್ನ ಪೆಟ್ಟಿಗೆಯಿಂದ ಇಳಕಲ್ ಸೀರೆ ತೆಗೆದುಕೊಟ್ಟಿದ್ದಳು. ಕೆಂಪು ರೇಷ್ಮೆಯ ಸೆರಗು. ನೋಡಲು ಭಾಳ ಚಂದ, ಆದರೆ ಒಂದು ಕಡೆ ನಿಲ್ಲುವ ಜಾತಿಯದಲ್ಲ.

ದ್ರಾಕ್ಷಿಯ ಅವ್ವ ಶರಣಬಸಮ್ಮ ಆಡುವ ಆಟದ ಹೆಸರು ಪೂಲ್. ಬಟ್ಟೆ ಹೊದಿಸಿದ ದೊಡ್ಡ ಮೇಜು, ಅದಕ್ಕೆ ಆರು ತೂತು. ಕ್ಯೂ ಎಂಬ ಉದ್ದನೆಯ ಕೋಲಿನಿಂದ ಬಿಳಿ ಬಾಲನ್ನು ಹೊಡೆದು, ಅದರಿಂದ ಬಣ್ಣದ ಬಾಲುಗಳನ್ನು ತೂತಿಗೆ ಬೀಳಿಸಬೇಕು. ಒಬ್ಬರದು ಪಟ್ಟೆ ಇರುವ ಬಾಲು, ಇನ್ನೊಬ್ಬರದು ಪಟ್ಟೆ ಇಲ್ಲದ ಬಾಲು. ತಮ್ಮವೆಲ್ಲ ಮುಗಿದ ಮೇಲೆ ಕರಿ ಬಾಲನ್ನು ಯಾರು ಬೀಳಿಸುತ್ತಾರೋ ಅವರು ಗೆದ್ದಂತೆ.

ಕೊಪ್ಪಳದ ಪಕ್ಕದ ಭಾಗ್ಯನಗರದಲ್ಲಿ ಅಪ್ಪ ದ್ಯಾಮಣ್ಣನದು ಸಣ್ಣದೊಂದು ಪೂಲ್ ಹಾಲ್ ಇದೆ. ಅಪ್ಪ ಊಟಕ್ಕೆ, ಸಂತೆಗೆ ಎಂದು ಹೋದಾಗ ಹಾಲ್ ನೋಡಿಕೊಳ್ಳುತ್ತಿದ್ದವಳು ಅವ್ವ. ಸುಮ್ಮನೆ ಕೂರುವುದು ಅವಳಿಗೆ ಆಗದ ಕೆಲಸ. ಒಂದು ಕ್ಯೂ ಎತ್ತಿಕೊಂಡಳು. ಒಂದು ವರ್ಷದಲ್ಲಿ ಅಪ್ಪನನ್ನು ಸೋಲಿಸಿದಳು. ಅಪ್ಪ ಎರಡು ದಿನ ಮುಖ ಊದಿಸಿಕೊಂಡಿದ್ದು, ಮೂರನೆಯ ದಿನ ತಾನೇ ಹೋಗಿ ಟೂರ್ನಮೆಂಟಿಗೆ ಅವಳ ಹೆಸರು ಕೊಟ್ಟು ಬಂದ. ಗಂಡಸರು ಹೆಂಗಸರು ಎಂದು ಬೇರೆ ಮಾಡದ ಟೂರ್ನಮೆಂಟ್ ಅದು. ಆದರೂ ಹೆಸರು ಕೊಟ್ಟ ಹೆಂಗಸು ಅವ್ವ ಒಬ್ಬಳೇ. ಯಲಬುರ್ಗಾದಲ್ಲಿ ಗೆದ್ದಳು. ಕುಷ್ಟಗಿಯಲ್ಲಿ ಗೆದ್ದಳು. ಇವತ್ತು ಗಂಗಾವತಿ.

ಇಷ್ಟೆಲ್ಲ ಆದಾಗ ದ್ರಾಕ್ಷಿ ಎಷ್ಟು ಹಿಗ್ಗಬೇಕಿತ್ತು! ಹಿಗ್ಗಿದ್ದಳು ಕೂಡ, ಶನಿವಾರದವರೆಗೆ. ಶನಿವಾರ ಶಾಲೆಯಲ್ಲಿ ಗಿಡ್ಡಪ್ಪ ಎಲ್ಲರ ಮುಂದೆ ಹೇಳಿಬಿಟ್ಟ.

"ನಿಮ್ಮವ್ವ ಗೆದ್ದಿಲ್ಲಲೇ. ಕುಷ್ಟಗ್ಯಾಗ ನಮ್ಮ ಮಾಮಾ ಬಿಟ್ಟುಕೊಟ್ಟಾನ. ಹೆಣಮಗಳು, ಹೋಗ್ಲಿ ಪಾಪ ಅಂತ."

"ಸುಳ್ಳ!"

"ಎಲ್ಲಾರೂ ಬಿಟ್ಟುಕೊಡ್ತಾರಂತ. ಮೊದಲನೇ ಬ್ರೇಕೂ ಅಕಿಗೇ ಕೊಡ್ತಾರಂತ. ಬೇಕಾದ್ರ ಕೇಳು."

ಬ್ರೇಕ್ ಎಂದರೆ ಆಟದ ಮೊದಲ ಹೊಡೆತ. ಅದು ಯಾರದು ಎಂದು ಟಾಸ್ ಹಾಕಿ ನೋಡಬೇಕು. ಆದರೆ ಅವ್ವನ ಮುಂದೆ ನಿಂತ ಗಂಡಸರೆಲ್ಲ "ನೀವ ಹೊಡೀರಿ" ಎಂದು ನಕ್ಕು ಪಕ್ಕಕ್ಕೆ ಸರಿದದ್ದನ್ನು ದ್ರಾಕ್ಷಿಯೇ ಕಣ್ಣಾರೆ ನೋಡಿದ್ದಳು. ಆಗ ಅದು ಮರ್ಯಾದೆ ಅನ್ನಿಸಿತ್ತು. ಈಗ ಅನುಮಾನ ಬಂತು. ಅವ್ವ ನಿಜವಾಗಿ ಗೆದ್ದಳೋ, ಅವರು ಗೆಲ್ಲಿಸಿದರೋ? ಅದೊಂದು ಅವಳಿಗೆ ಗೊತ್ತಾಗಬೇಕಿತ್ತು.

ಗಂಗಾವತಿಯ ಹಾಲಿನಲ್ಲಿ ಕಾಲಿಡಲು ಜಾಗ ಇರಲಿಲ್ಲ. ಹಾಲಿನ ಮಾಲೀಕರಾದ ರಾಜಾಸಾಬರೇ ಇವತ್ತಿನ ಅಂಪೈರ್. ಬಿಳಿ ಗಡ್ಡದ ಹಿರಿಯರು. "ಐದು ಆಟ ಗೆದ್ದವ್ರಿಗೆ ಕಪ್," ಎಂದು ಅವರು ಗಟ್ಟಿಯಾಗಿ ಹೇಳಿದರು. "ನಾಲ್ಕು-ನಾಲ್ಕು ಆದ್ರ ಕಡೀ ಆಟಕ್ಕ ಮತ್ತ ಟಾಸ್. ಕೈಯಾಗ್ಲಿ, ಅಂಗಿಯಾಗ್ಲಿ, ಬಾಲಿಗೆ ತಾಗಿದ್ರ ಫೌಲ್. ಫೌಲ್ ಆದ್ರ ಬಿಳೀ ಬಾಲ್ ಎದುರಿನವ್ರ ಕೈಗೆ. ಬೇಕಾದಲ್ಲಿ ಇಟ್ಟು ಹೊಡೀಬಹುದು."

ಎದುರಾಳಿ ರಫೀ ಗಂಗಾವತಿಯವನೇ. ಹುಬ್ಬಳ್ಳಿ, ಬೆಂಗಳೂರು ಎಂದು ಊರೂರು ತಿರುಗಿ ಆಡುವವನು, ಆಟವೇ ಅವನ ಹೊಟ್ಟೆಪಾಡು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಹೊಳೆಯುವ ವಾಚು. ಅವನು ಅವ್ವನ ಕಡೆ ನೋಡಿ ಮೇಜಿನತ್ತ ಕೈ ಚಾಚಿದ.

"ಬ್ರೇಕ್ ನೀವ ಮಾಡ್ರಿ ಅಕ್ಕಾರ. ಲೇಡೀಸ್ ಫಸ್ಟ್!"

ಜನ ನಕ್ಕರು. ಒಬ್ಬ ಸೀಟಿ ಹೊಡೆದ.

"ಟಾಸ್ ಹಾಕ್ರಿ," ಎಂದಳು ಅವ್ವ.

"ಇರ್ಲಿ ಬಿಡ್ರಿ ಅಕ್ಕಾರ, ಅದರಾಗೇನೈತಿ."

ಅವ್ವನ ತುಟಿ ಬಿಗಿಯಾಯಿತು. ಮಾತು ಬೆಳೆಸದೆ ಬಗ್ಗಿ ಹೊಡೆದಳು. ಫಟ್ ಎಂದು ಬಾಲುಗಳು ನಾಲ್ಕೂ ದಿಕ್ಕಿಗೆ ಹಾರಿದವು.

ದ್ರಾಕ್ಷಿ ಮೇಜಿನ ಮೂಲೆಯಲ್ಲಿ ಒಂದು ಸ್ಟೂಲಿನ ಮೇಲೆ ಕುಳಿತಿದ್ದಳು. ಅವಳು ನೋಡುತ್ತಿದ್ದದ್ದು ಬಾಲುಗಳನ್ನಲ್ಲ, ರಫೀಯ ಮುಖವನ್ನು. ಅವನು ಮೊದಲನೆಯ ಆಟವನ್ನು ನಗುತ್ತಲೇ ಸೋತ. ಎರಡನೆಯದನ್ನು ನಗುತ್ತಲೇ ಗೆದ್ದ. ಬಾಲು ತಪ್ಪಿದರೂ ನಗು. ಬೇಕಂತಲೇ ತಪ್ಪಿಸಿದನೇ? ಎಷ್ಟು ದಿಟ್ಟಿಸಿ ನೋಡಿದರೂ ಅವಳಿಗೆ ತಿಳಿಯಲಿಲ್ಲ.

ಎಂಟನೆಯ ಆಟ ಬಂತು. ಅವ್ವನದು ನಾಲ್ಕು, ರಫೀಯದು ಮೂರು. ಇದೊಂದು ಗೆದ್ದರೆ ಕಪ್ ಅವ್ವನದು. ಅವಳಿಗೆ ಉಳಿದದ್ದು ಒಂದು ಪಟ್ಟೆ ಬಾಲು, ಆಮೇಲೆ ಕರಿ ಬಾಲು. ಅಪ್ಪ ಗೋಡೆಗೆ ಒರಗಿ ಉಗುರು ಕಚ್ಚುತ್ತಿದ್ದ.

ಬಿಳಿ ಬಾಲು ದೂರ ನಿಂತಿತ್ತು. ಅವ್ವ ಮೇಜಿನ ಮೇಲೆ ಪೂರ್ತಿ ಬಾಗಿ, ಕೈ ಉದ್ದ ಮಾಡಿದಳು. ಆಗ ಸೊಂಟದಲ್ಲಿ ಸಿಕ್ಕಿಸಿದ್ದ ರೇಷ್ಮೆ ಸೆರಗು ಮೆಲ್ಲಗೆ ಜಾರಿತು. ಅದರ ತುದಿ ತೂಗಿ ಬಂದು, ಈ ಕಡೆಯ ಅಂಚಿನಲ್ಲಿದ್ದ ರಫೀಯ ಹಳದಿ ಬಾಲಿಗೆ ತಾಗಿತು. ಹಳದಿ ಬಾಲು ಇಷ್ಟೇ ಇಷ್ಟು ಸರಿಯಿತು. ಅದೇ ಗಳಿಗೆಯಲ್ಲಿ ಅವ್ವನ ಪಟ್ಟೆ ಬಾಲು ಆ ಕಡೆಯ ತೂತಿಗೆ ಬಿತ್ತು. ಹಾಲೆಲ್ಲ ಚಪ್ಪಾಳೆ.

ಎಲ್ಲರೂ ನೋಡಿದ್ದು ತೂತಿನ ಕಡೆ. ರಾಜಾಸಾಬರೂ ಆ ಕಡೆಯೇ ನಿಂತಿದ್ದರು. ಅವ್ವನಿಗೆ ತನ್ನ ಸೊಂಟದ ಪಕ್ಕದ್ದು ಕಾಣಲಿಲ್ಲ. ಈ ಕಡೆ ನೋಡಿದವಳು ದ್ರಾಕ್ಷಿ ಒಬ್ಬಳೇ.

ಅವಳ ಕಣ್ಣು ತನ್ನ ಕಾಲಿನ ಕಡೆ ಹೋಯಿತು. ಪಿನ್ನು! ತನ್ನ ಚಪ್ಪಲಿಯಲ್ಲಿರುವ ಪಿನ್ನು ಅಲ್ಲಿ ಇದ್ದಿದ್ದರೆ ಇದು ಆಗುತ್ತಲೇ ಇರಲಿಲ್ಲ.

ಅವ್ವ ಕ್ಯೂ ತುದಿ ಬಾಲಿನ ಮೇಲೆ ಜಾರದಂತೆ ಅದಕ್ಕೆ ಚಾಕ್ ಉಜ್ಜುತ್ತಿದ್ದಳು. ಕರಿ ಬಾಲು ತೂತಿನ ಬಾಯಲ್ಲೇ ಕುಳಿತಿತ್ತು. ಕಣ್ಣು ಮುಚ್ಚಿ ಹೊಡೆದರೂ ಬೀಳುವಂಥದ್ದು. ಸುಮ್ಮನಿದ್ದರಾಯಿತು, ಕಪ್ ಮನೆಗೆ ಬರುತ್ತದೆ. ಗಿಡ್ಡಪ್ಪನ ಬಾಯಿ ಬಂದ್ ಆಗುತ್ತದೆ. ನಮ್ಮವ್ವನಿಗೆ ಯಾರೂ ಬಿಟ್ಟುಕೊಟ್ಟಿಲ್ಲ ಎಂದು ಅವನ ಮುಂದೆ...

ಇಲ್ಲ, ಹಾಗೆ ಹೇಳಲು ಆಗುವುದಿಲ್ಲ. ಸುಮ್ಮನೆ ಕುಳಿತರೆ ಅವ್ವನಿಗೆ ಬಿಟ್ಟುಕೊಟ್ಟವಳು ನಾನೇ ಆಗುತ್ತೇನೆ.

"ಅವ್ವಾ!" ದ್ರಾಕ್ಷಿ ಸ್ಟೂಲಿನಿಂದ ಜಿಗಿದಳು. "ಅವ್ವಾ, ಹೊಡೀಬ್ಯಾಡ! ನಿನ್ನ ಸೆರಗು ಬಾಲಿಗೆ ತಾಗೈತಿ."

ಎಲ್ಲರೂ ಅವಳ ಕಡೆ ತಿರುಗಿದರು. ಆಮೇಲೆ ಯಾರೋ ಕಿಸಕ್ಕೆಂದರು. ರಫೀ ಕೈ ಬೀಸಿದ. "ಏ, ಇರ್ಲಿ ಬಿಡವಾ ತಂಗಿ. ಹೆಣ್ಮಕ್ಳು ಅಂದಮ್ಯಾಲ ಸೆರಗು ಜಾರೂದ. ಅದಕ್ಕೆಲ್ಲಾ ಫೌಲ್ ಹಿಡೀತಾರೇನು? ನೀವು ಹೊಡೀರಿ ಅಕ್ಕಾರ."

"ನಾನಂತೂ ನೋಡಿಲ್ರಿ," ಎಂದರು ರಾಜಾಸಾಬರು.

ಅವ್ವ ಕ್ಯೂ ಕೆಳಗಿಟ್ಟು ಮಗಳ ಹತ್ತಿರ ಬಂದಳು. "ಯಾವ ಬಾಲ್?"

"ಹಳದೀದು. ಇಷ್ಟ ಸರೀತು."

"ಖರೇನ?"

"ಖರೇ ಅವ್ವಾ." ದ್ರಾಕ್ಷಿಯ ಕಣ್ಣು ತುಂಬಿ ಬಂತು.

ಅವ್ವ ರಫೀಯ ಕಡೆ ತಿರುಗಿದಳು. "ತಮ್ಮಾ, ನಿನ್ನ ಅಂಗಿ ತೋಳು ಬಾಲಿಗೆ ತಾಗಿದ್ರ ಏನು?"

"ಫೌಲ್ ರೀ."

"ಮತ್ತ, ನನ್ನ ಸೆರಗಿಗೆ ಬ್ಯಾರೆ ಕಾನೂನು ಐತೇನು?" ಅವ್ವ ಬಿಳಿ ಬಾಲನ್ನು ಎತ್ತಿ ಅವನ ಅಂಗೈಯಲ್ಲಿಟ್ಟಳು. "ತಗೋ. ಪಾಪ ಅಂತ ಬೇಕಂತ ತಪ್ಪಿಸಿದಿ ಅಂದ್ರ ಸುಮ್ನ ಬಿಡಾಕಿ ಅಲ್ಲ ನಾನು."

ಯಾರೂ ನಗಲಿಲ್ಲ. ರಫೀಯೂ ನಗಲಿಲ್ಲ. ಅವನು ಬಿಳಿ ಬಾಲನ್ನು ಇಟ್ಟು ತನ್ನ ಬಾಲುಗಳನ್ನು ಒಂದಾದ ಮೇಲೆ ಒಂದು ಬೀಳಿಸಿದ. ಕರಿ ಬಾಲನ್ನೂ ಬೀಳಿಸಿದ. ನಾಲ್ಕು-ನಾಲ್ಕು.

ದ್ರಾಕ್ಷಿ ನೆಲದ ಮೇಲೆ ಕುಳಿತು ಚಪ್ಪಲಿ ಬಿಚ್ಚಿದಳು. ಪಟ್ಟಿಯಿಂದ ಪಿನ್ನನ್ನು ಎಳೆದು, ಫ್ರಾಕಿಗೆ ಒರೆಸಿ, ಒಂದು ಬರಿಗಾಲಿನಲ್ಲೇ ಅವ್ವನ ಹತ್ತಿರ ಓಡಿದಳು. "ಆ ಕಡೆ ತಿರುಗು."

ಅವ್ವ ಪಿನ್ನು ನೋಡಿದಳು, ಕಾಲು ನೋಡಿದಳು. "ಚಪ್ಪಲಿ ಕಿತ್ತಿತ್ತೇನು? ಹೇಳಬಾರದ?"

"ನೀ ಬೈತೀ ಅಂತ..."

"ಬೈತಿದ್ದೆ. ಬೈದು, ಬ್ಯಾರೆ ಪಿನ್ ತಗೊಂಡು ಬರತಿದ್ದೆ." ಅವ್ವ ಮಗಳ ಕೆನ್ನೆಯನ್ನು ಹೆಬ್ಬೆರಳಿನಿಂದ ಒರೆಸಿದಳು. ಕೆನ್ನೆಯ ಮೇಲೆ ನೀಲಿ ಚಾಕಿನ ಗೆರೆ ಮೂಡಿತು. "ಹಚ್ಚು ಈಗ, ಗಟ್ಟಿಯಾಗಿ."

ದ್ರಾಕ್ಷಿ ಸೊಂಟದ ಹತ್ತಿರ ಪಿನ್ನು ಹಾಕಿ ಎರಡು ಸಲ ಎಳೆದು ನೋಡಿದಳು.

"ಕಡೀ ಆಟ," ಎಂದರು ರಾಜಾಸಾಬರು. "ಬ್ರೇಕ್ ಯಾರದು?"

"ಲೇಡೀಸ್ ಫಸ್ಟ್!" ಎಂದು ಹಿಂದಿನಿಂದ ಯಾರೋ ಕೂಗಿದರು.

ರಫೀ ಆ ಕಡೆ ತಿರುಗಿಯೂ ನೋಡಲಿಲ್ಲ. ವಾಚು ಬಿಚ್ಚಿ ಜೇಬಿಗೆ ಹಾಕಿಕೊಂಡ. ಇಸ್ತ್ರಿ ಮಾಡಿದ ತೋಳುಗಳನ್ನು ಮೊಣಕೈ ಮೇಲಕ್ಕೆ ಏರಿಸಿ ಮಡಚಿದ. ಕ್ಯೂ ತುದಿಗೆ ಚಾಕ್ ಹಚ್ಚಿ, ಅದನ್ನು ಕಣ್ಣಿನ ಹತ್ತಿರ ಹಿಡಿದು ಪರೀಕ್ಷಿಸಿದ.

"ಟಾಸ್ ಹಾಕ್ರಿ ಚಾಚಾ," ಎಂದ.

ಅವ್ವನ ಮುಖದಲ್ಲಿ ನಗು ಅರಳಿತು. ಯಲಬುರ್ಗಾದಲ್ಲಿ ಗೆದ್ದಾಗ, ಕುಷ್ಟಗಿಯಲ್ಲಿ ಗೆದ್ದಾಗ ಕೂಡ ದ್ರಾಕ್ಷಿ ಆ ನಗುವನ್ನು ಕಂಡಿರಲಿಲ್ಲ.

ಟಾಸ್ ರಫೀಗೆ ಬಂತು. ಬ್ರೇಕ್ ಅವನೇ ಮಾಡಿದ. ಆಮೇಲೆ ನಡೆದ ಆಟ ಮೊದಲಿನ ಎಲ್ಲಕ್ಕಿಂತ ಉದ್ದವಾಗಿತ್ತು. ರಫೀಯ ಹಣೆಯಿಂದ ಬೆವರು ಇಳಿಯುತ್ತಿತ್ತು. ಒಂದು ಬಾಲು ತಪ್ಪಿದಾಗ ಅವನು ಹಲ್ಲು ಕಚ್ಚಿದ, ನಗಲಿಲ್ಲ. ಕೊನೆಗೆ ಇಬ್ಬರಿಗೂ ಕರಿ ಬಾಲೊಂದೇ ಉಳಿಯಿತು. ಅವ್ವ ಹೊಡೆದಳು. ಕರಿ ಬಾಲು ತೂತಿನ ಬಾಯಿಯವರೆಗೆ ಹೋಗಿ, ಅಂಚಿಗೆ ಬಡಿದು, ಅಲ್ಲೇ ನಿಂತುಬಿಟ್ಟಿತು. ಅಪ್ಪ ಎರಡೂ ಕೈಯಿಂದ ಮುಖ ಮುಚ್ಚಿಕೊಂಡ. ರಫೀ ತುಂಬ ಹೊತ್ತು ಬಗ್ಗಿ ನೋಡಿ, ಉಸಿರು ಬಿಗಿಹಿಡಿದು ಅದನ್ನು ಬೀಳಿಸಿದ.

ಕಪ್ ಕೈಗೆ ಬಂದ ಮೇಲೂ ಅವನು ಅವ್ವನ ಎದುರು ನಿಂತೇ ಇದ್ದ. "ಅಕ್ಕಾರ, ನಿಮ್ಮ ಹಾಲಿಗೆ ಬಂದ್ರ ನನ್ನ ಜೋಡಿ ಪ್ರಾಕ್ಟೀಸ್ ಆಡ್ತೀರೇನು?"

"ಬಾ ತಮ್ಮಾ. ರೊಟ್ಟಿ ತಿಂದು ಆಡೂಣಂತ," ಎಂದಳು ಅವ್ವ.

ವಾಪಸ್ ಬರುವ ಬಸ್ಸಿನಲ್ಲಿ ಕಿಟಕಿಯ ಹೊರಗೆ ಭತ್ತದ ಗದ್ದೆಗಳು ಸಂಜೆಯ ಬೆಳಕಿನಲ್ಲಿ ಓಡುತ್ತಿದ್ದವು. ಅಪ್ಪ ಮುಂದಿನ ಸೀಟಿನಲ್ಲಿ ಬಾಯಿ ತೆರೆದು ನಿದ್ದೆ ಹೊಡೆಯುತ್ತಿದ್ದ. ಅವ್ವ ಬೆರಳಿನಿಂದ ಗಾಜಿನ ಮೇಲೆ ಏನೋ ಗೆರೆ ಎಳೆಯುತ್ತಿದ್ದಳು.

"ಅವ್ವಾ, ನಿನಗ ಕೆಟ್ಟ ಅನಿಸಿಲ್ಲೇನು?"

"ಅನಿಸ್ಲಾರದ ಏನು? ಆ ಕರೀ ಬಾಲ್ ಇನ್ನಾ ಕಣ್ಣಾಗ ಐತಿ." ಅವ್ವ ಗಾಜಿನ ಮೇಲೆ ಇನ್ನೊಂದು ಗೆರೆ ಎಳೆದಳು. "ಹಿಂಗ ಹೊಡೀಬೇಕಿತ್ತು ನೋಡು. ಸ್ವಲ್ಪ ಮೆತ್ತಗ."

ನಾನು ಹೇಳಬಾರದಿತ್ತೇ ಎಂದು ಕೇಳಬೇಕೆಂದು ದ್ರಾಕ್ಷಿಗೆ ಅನ್ನಿಸಿತು. ಅಷ್ಟರಲ್ಲಿ ಅವ್ವ ಅವಳ ಬರಿಗಾಲನ್ನು ಎತ್ತಿ ತನ್ನ ತೊಡೆಯ ಮೇಲಿಟ್ಟುಕೊಂಡು, ಆ ರೇಷ್ಮೆ ಸೆರಗಿನಿಂದಲೇ ಧೂಳು ಒರೆಸತೊಡಗಿದಳು. ಅಜ್ಜಿ ನೋಡಿದ್ದರೆ ಇಬ್ಬರಿಗೂ ಪೂಜೆ ಆಗುತ್ತಿತ್ತು. ದ್ರಾಕ್ಷಿ ಅವ್ವನ ತೋಳಿಗೆ ಒರಗಿದಳು.

ಸೋಮವಾರ ಶಾಲೆಯ ಗೇಟಿನಲ್ಲೇ ಗಿಡ್ಡಪ್ಪ ಕಾಯುತ್ತಿದ್ದ.

"ಸೋತಳಂತಲ್ಲ ನಿಮ್ಮವ್ವ!"

"ಹೂಂ, ಸೋತಳು," ಎಂದಳು ದ್ರಾಕ್ಷಿ. ಅವಳ ಮುಖ ತುಂಬ ನಗು. "ರಫೀ ಅಂಕಲ್ ಟಾಸ್ ಹಾಕಿಸಿದ್ರು. ವಾಚ್ ಬಿಚ್ಚಿದ್ರು, ತೋಳೂ ಏರಿಸಿದ್ರು, ಗೊತ್ತೈತೇನು?"

"ಅದರಾಗೇನೈತಿ?" ಗಿಡ್ಡಪ್ಪ ಕಣ್ಣು ಕಿರಿದು ಮಾಡಿ ಅವಳನ್ನು ನೋಡಿದ. "ಸೋತ್ರ ಯಾರರ ನಗ್ತಾರೇನಲೇ?"

"ಅವರು ಬಿಟ್ಟುಕೊಡ್ಲಿಲ್ಲಲೇ!" ಎಂದಳು ದ್ರಾಕ್ಷಿ. ಬೆಲ್ ಹೊಡೆಯಿತು. ಹೊಲಿಸಿದ ಚಪ್ಪಲಿಯನ್ನು ಪಟಪಟ ಬಡಿಯುತ್ತ ಅವಳು ಕ್ಲಾಸಿಗೆ ಓಡಿದಳು.