ಕೊಳದ ಮೇಲಿನ ನೊರೆ

ಶ್ರೀರಾಂಪುರದ ದೊರೆಸ್ವಾಮಿಯ ಕೊಳದಲ್ಲಿ ಆ ಬೆಳಿಗ್ಗೆ ಒಂದು ಮೀನೂ ಉಳಿದಿರಲಿಲ್ಲ. ಎಲ್ಲವೂ ಹೊಟ್ಟೆ ಮೇಲೆ ಮಾಡಿ ತೇಲುತ್ತಿದ್ದವು. ದಂಡೆಯ ಮೇಲೆ ಅವನ ಹೆಂಡತಿ ಶಿವನಂಜಮ್ಮ ಮೇವಿನ ಪುಟ್ಟಿ ಹಿಡಿದು ನಿಂತಿದ್ದಳು.

ಹೋದ ವರ್ಷ ಇದೇ ಮೀನುಗಳ ಮೈಮೇಲೆ ಹುಣ್ಣು. ಕಡಲೆಕಾಯಿ ಹಿಂಡಿಗೆ ಅಕ್ಕಿ ತೌಡು ಕಲಸಿ ಹಾಕಿ, ಅವು ಮೈ ತುಂಬಿಕೊಳ್ಳುವ ಹಾಗೆ ಮಾಡಿದವಳು ಅವಳೇ. ಮೀನುಗಾರಿಕೆ ಇಲಾಖೆಯವರು ಬಂದು ಹೊಗಳಿಯೂ ಹೋಗಿದ್ದರು.

“ಕೈಯಾರೆ ಕೊಂದ್ಬುಟ್ಟೆ,” ಎಂದ ದೊರೆಸ್ವಾಮಿ. “ಗಂಟುಮೂಟೆ ಕಟ್ಟು. ತೌರಿಗೆ ಹೋಗು.”

ಹೆಂಡತಿಯನ್ನು ಓಡಿಸಲು ಗಂಡನಿಗೆ ಸಾಕ್ಷಿ ಬೇಕೇ? ಅವನಿಗಂತೂ ಬೇಕಿರಲಿಲ್ಲ.

ಅಣ್ಣನ ಹೆಂಡತಿ ಪುಟ್ಟತಾಯಮ್ಮ ದನಿಗೂಡಿಸಿದಳು. “ನಾನು ಆವತ್ತೇ ಬಡ್ಕೊಂಡೆ, ದನ ತಿನ್ನೋ ಹಿಂಡಿ ಮೀನಿಗ್ಯಾಕೆ ಅಂತ. ಅದು ಕೆಟ್ಟು ವಿಷ ಆಗ್ಬುಟ್ಟದೆ. ಮೀನಿನ ಮೈಯೆಲ್ಲ ವಿಷ ಕಣ್ರೀ.”

ಇದನ್ನು ಕೇಳುತ್ತಿದ್ದವನು ಪೊಲೀಸ್ ದಫೇದಾರ್ ದೇವಯ್ಯ. ಕೆಟ್ಟ ಹಿಂಡಿ ಮಾರಿದನೆಂದು ಗಾಣದವನ ಮೇಲೆ ದೊರೆಸ್ವಾಮಿ ದೂರು ಕೊಟ್ಟಿದ್ದ. ನೀರಿನ ಅಂಚಿನಲ್ಲಿ ಬಿಳಿ ನೊರೆ ಕಟ್ಟಿತ್ತು. ದೇವಯ್ಯ ಅದನ್ನು ಬೆರಳಲ್ಲಿ ಉಜ್ಜಿ ನೋಡಿದ. ಆಮೇಲೆ ಪಕ್ಕದ ಕೆರೆಯಿಂದ ನಾಲ್ಕಾರು ಮೀನು ತರಿಸಿ ಬಕೆಟ್ಟಿಗೆ ಬಿಟ್ಟ. ಪುಟ್ಟಿಯಲ್ಲಿ ಮಿಕ್ಕಿದ್ದ ಮೇವನ್ನು ಅವಕ್ಕೆ ಹಾಕಿ ಸೈಕಲ್ ಹತ್ತಿದ.

*

ಲಷ್ಕರ್ ಮೊಹಲ್ಲಾದ ಗಾಣದ ಯಜಮಾನ ಸದಾಶಿವಯ್ಯ ಹೆದರಿ ಬೆವೆತಿದ್ದ.

“ಅದೇ ಮೂಟೆ ಹಿಂಡಿ ನಮ್ಮ ಎತ್ತು ತಿಂತಾ ಇದೆ ಸ್ವಾಮಿ, ನೋಡಿ.”

ಎತ್ತು ಕಲ್ಲುಗುಂಡಿನಂತಿತ್ತು.

“ನೊರೆ ಬರೋ ಹಿಂಡಿ ಯಾವುದು?”

“ಹಿಪ್ಪೆ ಹಿಂಡಿ. ನೆನೆಸಿದ್ರೆ ಸೋಪಿನ ಹಂಗೆ ನೊರೆ ಬರ್ತದೆ. ಕೊಳಕ್ಕೆ ಹಾಕಿದ್ರೆ ಮೀನು ಉಳಿಯಲ್ಲ. ಹಳ್ಳಿ ಕಡೆ ಹಿಂಗೇ ಮೀನು ಹಿಡೀತಿದ್ರು. ಆ ಮೀನು ತಿಂದ ಮನುಷ್ಯನಿಗೆ ಮಾತ್ರ ಏನೂ ಆಗಲ್ಲ.”

“ನಿಮ್ಮಲ್ಲಿ ಯಾರು ಒಯ್ದರು?”

“ಹೊಲಕ್ಕೆ ಗೊಬ್ಬರ ಅಂತ ಊರೆಲ್ಲ ಒಯ್ತಾರೆ. ಯಾರು ಅಂತ ಹೇಳ್ಲಿ?”

*

ಮಧ್ಯಾಹ್ನ ದೇವಯ್ಯ ಹಿಂತಿರುಗಿದಾಗ ಬಕೆಟ್ಟಿನ ಮೀನುಗಳು ಚುರುಕಾಗಿ ಓಡಾಡುತ್ತಿದ್ದವು. ಅಲ್ಲಿಗೆ ಶಿವನಂಜಮ್ಮನ ಮೇವಿನದು ತಪ್ಪಿಲ್ಲ ಎಂದಾಯಿತು. ಪುಟ್ಟತಾಯಮ್ಮನ ಅಡುಗೆಮನೆಯಿಂದ ಘಮ್ಮೆಂದು ಮೀನಿನ ಸಾರಿನ ವಾಸನೆ ಬಂತು. ದೇವಯ್ಯ ಎಲ್ಲರನ್ನೂ ಅವಳ ಜಗಲಿಗೆ ಕರೆದ.

“ಯಾವ ಮೀನಮ್ಮ ಇದು?”

“ಕೊಳದ್ದೇ. ಅಷ್ಟೊಂದು ಮೀನು ಮಣ್ಣುಪಾಲು ಮಾಡಕ್ಕಾಯ್ತದಾ?”

“ಮಕ್ಕಳಿಗೂ ಬಡಿಸಿದ್ರಾ?”

“ಊಂ, ಉಂಡು ಹೋದ್ವು.”

“ಬೆಳಿಗ್ಗೆ ಮೀನಿನ ಮೈಯೆಲ್ಲ ವಿಷ ಅಂದ್ರಿ. ವಿಷ ಅಂತ ನಂಬಿದ ತಾಯಿ ಮಕ್ಕಳಿಗೆ ಬಡಿಸ್ತಾಳಾ? ಬೇರೆ ಯಾರೂ ಆ ಮೀನು ಮುಟ್ಟಿಲ್ಲ. ಕೊಂದದ್ದು ಹಿಪ್ಪೆ ಹಿಂಡಿ, ತಿಂದ್ರೆ ಭಯವಿಲ್ಲ ಅಂತ ಗೊತ್ತಿದ್ದೋರು ಈ ಮನೇಲಿ ನೀವೊಬ್ಬರೇ.”

ಪುಟ್ಟತಾಯಮ್ಮ ಸೌಟು ಕೆಳಗಿಟ್ಟಳು.

“ಊಂ, ನಾನೇ ಸುರಿದೆ. ಮದುವೆ ಆದಾಗಿಂದ ಮನೆಮಂದಿಗೆಲ್ಲ ಬೇಯಿಸಿ ಹಾಕ್ದೆ. ಸಾರು ಚೆನ್ನಾಗದೆ ಅಂತ ಒಬ್ರೂ ಅನ್ನಲಿಲ್ಲ. ಇವಳು ಮೀನಿಗೆ ತೌಡು ಕಲಸಿ ಹಾಕಿದ್ದಕ್ಕೆ ಊರೆಲ್ಲ ನೋಡಕ್ಕೆ ಬಂತು. ನಂಗೆ ಹೊಟ್ಟೆ ಉರಿಯಲ್ವಾ?”

ತೌರಿಗೆಂದು ಬಟ್ಟೆ ತುಂಬಿ ಹೆಂಡತಿ ಕೈಯಲ್ಲಿ ಹಿಡಿದಿದ್ದ ಟ್ರಂಕನ್ನು ದೊರೆಸ್ವಾಮಿ ತೆಗೆದುಕೊಳ್ಳಲು ಹೋದ.

“ಒಳಗೆ ನಡಿ. ಅತ್ತಿಗೆ ಕೆಲ್ಸ ಅಂತ ನಂಗೇನು ಗೊತ್ತಿತ್ತು?”

ಶಿವನಂಜಮ್ಮ ಟ್ರಂಕು ಬಿಡಲಿಲ್ಲ.

“ಅಕ್ಕಂಗೆ ಒಬ್ಬರಿಗೇನಾ ಹೊಟ್ಟೆಕಿಚ್ಚು? ಇಲಾಖೆಯೋರು ನಿಮ್ಮನ್ನ ಬುಟ್ಟು ನನ್ನ ಹೆಸರು ಕೇಳಿದ್ರಲ್ಲ, ಆವತ್ತು ನಿಮ್ಮ ಮುಖಾನೂ ನೋಡಿದೀನಿ.”

ದೊರೆಸ್ವಾಮಿ ಟ್ರಂಕಿನಿಂದ ಕೈ ತೆಗೆದ. ಅವಳು ಬಸ್ಸು ಹಿಡಿಯಲು ಹೊರಟಳು. ಈಗ ಅವಳನ್ನು ಯಾರೂ ಹೋಗು ಎಂದಿರಲಿಲ್ಲ.